ನಿಯೋಜನೆ ಪತ್ರದ ಒಂದು ಪದ: ಮಂಗಳೂರಿನಿಂದ ಉಕ್ರೇನ್‌ಗೆ ಹೋದ ವರದಿಗಾರರ ಪ್ರಕರಣ

ಈ ಪ್ರಕರಣದ ಮುಖ್ಯ ವ್ಯಕ್ತಿಯನ್ನು ಇಲ್ಲಿ ವರದಿಗಾರರು ಎಂದಷ್ಟೇ ಕರೆದಿದೆ. ಗುರುತು ಹತ್ತದಿರಲೆಂದು ವಾಹಿನಿ, ಏಜೆನ್ಸಿ, ಹಳ್ಳಿ, ತಾರೀಕುಗಳನ್ನು ಬಿಟ್ಟಿದೆ. ಒಂದೆರಡು ವಿವರ ಬೇಕೆಂದೇ ಅದಲುಬದಲಾಗಿವೆ. ಕಾನೂನಿನ ಭಾಗವನ್ನು ಮುಟ್ಟಿಲ್ಲ.

ಹಿನ್ನೆಲೆ

ಉಡುಪಿ ಜಿಲ್ಲೆಯವರು, ಮೂವತ್ತೈದರ ಒಳಗಿನವರು. ಮಂಗಳೂರಿನಲ್ಲಿ ಕೆಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಆಮೇಲೆ ಕ್ಯಾಮೆರಾ ಹಿಡಿದು ಫ್ರೀಲ್ಯಾನ್ಸರ್ ಆದವರು. 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ರಷ್ಯಾ ದಾಳಿಗಿಳಿದಾಗ, ಅಲ್ಲಿ ಎಂಬಿಬಿಎಸ್ ಓದುತ್ತಿದ್ದ ಕರಾವಳಿಯ ಮಕ್ಕಳ ಮನೆಗಳಿಂದ ದಿನವೂ ವರದಿ ಕೊಟ್ಟಿದ್ದರು. ಆಪರೇಷನ್ ಗಂಗಾದಲ್ಲಿ ಮಕ್ಕಳು ಮನೆ ಸೇರಿದರು. ಆಮೇಲೆ ಕೆಲವರು ಕೋರ್ಸು ಮುಗಿಸಲು ವಾಪಸು ಹೊರಟರು. ಅವರ ಬೆನ್ನಿಗೇ ಹೋಗಿ ಸರಣಿ ಮಾಡುವುದು ವರದಿಗಾರರ ಯೋಜನೆ. ಮಂಗಳೂರಿನ ಒಂದು ಕನ್ನಡ ವೆಬ್ ವಾಹಿನಿ ಅರ್ಧ ಖರ್ಚು ಒಪ್ಪಿಕೊಂಡಿತು. ಉಳಿದರ್ಧಕ್ಕೆ ಯುರೋಪಿನ ಒಂದು ವಿಡಿಯೊ ಏಜೆನ್ಸಿ ಸಿಕ್ಕಿತು. ಆದರೆ ಅದಕ್ಕೆ ವಿದ್ಯಾರ್ಥಿಗಳ ಕತೆ ಬೇಡ, ಪೂರ್ವದಲ್ಲಿ ಕದನರೇಖೆಗೆ ಹತ್ತಿರವಿರುವ ಊರುಗಳ ದೃಶ್ಯ ಬೇಕು.

ಕೀವ್‌ನ ಹಾಸ್ಟೆಲ್ ಕತೆ ಡೊನೆಟ್‌ಸ್ಕ್ ಪ್ರಾಂತ್ಯದ ಕತೆಯಾದದ್ದು ಹಾಗೆ. 2023ರ ಬೇಸಗೆ, ಹೊರಡಲು ಐದು ವಾರ ಇತ್ತು. ಕಡತ ಹಂಪನಕಟ್ಟೆ ಬಳಿಯ ಒಂದು ವಕೀಲರ ಕಚೇರಿಗೆ ಬಂದದ್ದು ಆಗ. ವರದಿಗಾರರ ಪ್ರಶ್ನೆ ಚಿಕ್ಕದು: ಪ್ರೆಸ್ ಕಾರ್ಡ್ ಇದ್ದರೆ ಸಾಕಲ್ವಾ?

ಸಮಸ್ಯೆ: ಯಾವ ಬಾಗಿಲಿನಿಂದ ಒಳಗೆ ಹೋಗುವುದು

ಯುದ್ಧದ ಕಾನೂನಿನಲ್ಲಿ ಪತ್ರಕರ್ತರಿಗೆ ಎರಡು ಬಾಗಿಲುಗಳಿವೆ. ಮೊದಲನೆಯದು 1949ರ ಮೂರನೇ ಜಿನೀವಾ ಒಪ್ಪಂದದ 4ಎ(4) ವಿಧಿ. ಅದರಲ್ಲಿ ಬರುವ 'ಯುದ್ಧ ವರದಿಗಾರ' ಎಂದರೆ ಒಂದು ಸೇನೆಯ ಅನುಮತಿ ಪಡೆದು, ಅದು ಕೊಟ್ಟ ಗುರುತುಚೀಟಿ ಇಟ್ಟುಕೊಂಡು, ಅದರ ಜೊತೆಗೇ ಸಾಗುವವನು. ಅವನು ಸೈನಿಕನಲ್ಲ, ಆದರೂ ಎದುರು ಪಡೆಯ ಕೈಗೆ ಸಿಕ್ಕರೆ ಯುದ್ಧಕೈದಿಯ ಸ್ಥಾನ ಸಿಗುತ್ತದೆ. ಅದರಲ್ಲಿ ಲಾಭವಿದೆ: ಯುದ್ಧಕೈದಿಯಿಂದ ಒತ್ತಾಯದಿಂದ ಮಾಹಿತಿ ಕೀಳುವಂತಿಲ್ಲ, ಪತ್ರ ಬರೆಯಲು ಬಿಡಬೇಕು, ರೆಡ್ ಕ್ರಾಸ್ ಭೇಟಿಗೆ ಅವಕಾಶ ಕೊಡಬೇಕು. ಹೊರೆಯೂ ಇದೆ: ಒಂದು ಆರೋಪವನ್ನೂ ಹೊರಿಸದೆ, ಕದನ ನಿಲ್ಲುವವರೆಗೆ ಇಟ್ಟುಕೊಳ್ಳಬಹುದು.

ಎರಡನೆಯದು 1977ರ ಮೊದಲನೇ ಹೆಚ್ಚುವರಿ ಪ್ರೋಟೋಕಾಲಿನ 79ನೇ ವಿಧಿ. ಸಂಘರ್ಷದ ಪ್ರದೇಶದಲ್ಲಿ ಅಪಾಯದ ವೃತ್ತಿಕಾರ್ಯದಲ್ಲಿರುವ ಪತ್ರಕರ್ತರನ್ನು ನಾಗರಿಕರೆಂದೇ ಎಣಿಸಬೇಕು, ಆ ಸ್ಥಾನಕ್ಕೆ ಧಕ್ಕೆ ತರುವ ಕೆಲಸವನ್ನು ಅವರು ಮಾಡದಿದ್ದರೆ ಸಾಕು ಎನ್ನುತ್ತದೆ ಅದು. ಸ್ವತಂತ್ರವಾಗಿ ಓಡಾಡುವವರ ಬಾಗಿಲು ಇದೇ. ಗಮನಿಸಬೇಕಾದ್ದು, ಪತ್ರಕರ್ತರೆಂಬ ಕಾರಣಕ್ಕೆ ಇಲ್ಲಿ ಹೆಚ್ಚಿನ ರಕ್ಷಣೆ ಏನೂ ಸಿಗುವುದಿಲ್ಲ. ಸಂತೆಗೆ ಹೋದ ಅಜ್ಜಿಗೆ ಎಷ್ಟು ರಕ್ಷಣೆಯೋ ಅಷ್ಟೇ. 'ಪ್ರೆಸ್' ಎಂಬ ನಾಲ್ಕಿಂಚಿನ ಅಕ್ಷರ ಎದೆಯ ಮೇಲಿದ್ದರೆ ಕಾನೂನಿನಲ್ಲಿ ವಿಶೇಷ ಕವಚ ಸಿಗುತ್ತದೆಂದು ನಂಬಿ ಹೋಗುವವರು ಬಹಳ. ಆ ಅಕ್ಷರ ಹೇಳುವುದು ಇಷ್ಟೇ: ಇವರು ಹೋರಾಡುವವರಲ್ಲ.

ಭಾರತ ಜಿನೀವಾ ಒಪ್ಪಂದಗಳನ್ನು ಒಪ್ಪಿ 1960ರಲ್ಲಿ ಜಿನೀವಾ ಒಪ್ಪಂದಗಳ ಅಧಿನಿಯಮವನ್ನೂ ಮಾಡಿಕೊಂಡಿದೆ, ಹೆಚ್ಚುವರಿ ಪ್ರೋಟೋಕಾಲುಗಳಿಗೆ ಮಾತ್ರ ಸೇರಿಲ್ಲ. ಹಾಗಾದರೆ ಭಾರತೀಯ ಪತ್ರಕರ್ತರಿಗೆ 79ನೇ ವಿಧಿ ಅನ್ವಯಿಸುವುದಿಲ್ಲವೆ ಎಂಬ ಗೊಂದಲ ಈ ಕಡತದಲ್ಲೂ ಎರಡು ದಿನ ತಿಂದಿತು. ಉತ್ತರ ಸರಳ. ಒಪ್ಪಂದ ಕಟ್ಟಿಹಾಕುವುದು ಹೋರಾಡುವ ಪಕ್ಷಗಳನ್ನು. ರಷ್ಯಾ, ಉಕ್ರೇನ್ ಎರಡೂ ಆ ಪ್ರೋಟೋಕಾಲಿನಲ್ಲಿವೆ. ಸಾಲದ್ದಕ್ಕೆ, ಪತ್ರಕರ್ತರನ್ನು ಗೌರವಿಸಬೇಕೆಂಬ ನಿಯಮ ರೂಢಿಗತ ಕಾನೂನಾಗಿಯೂ, ಅಂದರೆ ಒಪ್ಪಂದಕ್ಕೆ ಸೇರದವರನ್ನೂ ಕಟ್ಟುವ ಕಾನೂನಾಗಿಯೂ, ನೆಲೆಗೊಂಡಿದೆಯೆಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2005ರ ಅಧ್ಯಯನದ 34ನೇ ನಿಯಮದಲ್ಲಿ ದಾಖಲಿಸಿದೆ. ಭಾರತ ಹೊರಗಿರುವುದರಿಂದ ತಪ್ಪಿಹೋಗುವುದು ಒಂದೇ: ಪ್ರೋಟೋಕಾಲಿನ ಎರಡನೇ ಅನುಬಂಧದಲ್ಲಿ ಮಾದರಿ ಇರುವ ಗುರುತುಚೀಟಿ. ಅದನ್ನು ಪತ್ರಕರ್ತ ಯಾವ ದೇಶದ ಪ್ರಜೆಯೋ, ಎಲ್ಲಿ ವಾಸಿಸುತ್ತಾರೋ, ಅಥವಾ ಕೆಲಸ ಕೊಟ್ಟ ಸಂಸ್ಥೆ ಎಲ್ಲಿದೆಯೋ ಆ ದೇಶದ ಸರ್ಕಾರ ಕೊಡಬೇಕು. ಚೀಟಿ ಸ್ಥಾನವನ್ನು ಹುಟ್ಟಿಸುವುದಿಲ್ಲ, ಇರುವ ಸ್ಥಾನಕ್ಕೆ ಸಾಕ್ಷಿ ಹೇಳುತ್ತದೆ ಅಷ್ಟೆ. ಹಾಗಾಗಿ ಅದರ ಹಿಂದೆ ಓಡದೆ, ಸಾಕ್ಷಿ ಹೇಳುವ ಬೇರೆ ಕಾಗದಗಳನ್ನು ಗಟ್ಟಿ ಮಾಡುವುದೆಂದು ತೀರ್ಮಾನವಾಯಿತು.

ಇನ್ನೂ ಒಂದು ಸೂಕ್ಷ್ಮವಿತ್ತು. ನಾಗರಿಕರಿಗಾಗಿ ಇರುವ ನಾಲ್ಕನೇ ಜಿನೀವಾ ಒಪ್ಪಂದದ 4ನೇ ವಿಧಿ ತಟಸ್ಥ ದೇಶದ ಪ್ರಜೆಗಳನ್ನು ಒಂದು ಸಂದರ್ಭದಲ್ಲಿ ಹೊರಗಿಡುತ್ತದೆ: ಅವರು ಯುದ್ಧನಿರತ ದೇಶದ ಸ್ವಂತ ನೆಲದಲ್ಲಿದ್ದು, ಆ ದೇಶದಲ್ಲಿ ಅವರ ದೇಶದ ರಾಯಭಾರ ಎಂದಿನಂತೆ ನಡೆಯುತ್ತಿದ್ದರೆ. ಉಕ್ರೇನ್ ಹಿಡಿತದ ಊರಿನಲ್ಲಿ ಉಕ್ರೇನ್ ಸೇನೆಯೇ ಭಾರತೀಯರೊಬ್ಬರನ್ನು ತಡೆದರೆ ಆ ಒಪ್ಪಂದದ 'ಸಂರಕ್ಷಿತ ವ್ಯಕ್ತಿ' ಪಟ್ಟ ಸಿಗದು. ಆಕ್ರಮಿತ ಪ್ರದೇಶದಲ್ಲಿ ರಷ್ಯಾ ಹಿಡಿದರೆ ಸಿಗುತ್ತದೆ. ಮೊದಲ ಸಂದರ್ಭಕ್ಕೆ ಆಸರೆ ಪ್ರೋಟೋಕಾಲಿನ 75ನೇ ವಿಧಿಯ ಕನಿಷ್ಠ ಖಾತರಿಗಳು, ಮತ್ತು ಪರದೇಶದಲ್ಲಿ ಹಿಡಿಯಲ್ಪಟ್ಟವರಿಗೆ ತಮ್ಮ ದೇಶದ ಕಚೇರಿಯ ನೆರವು ಪಡೆಯುವ ಹಕ್ಕು ಕೊಡುವ 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಭಾರತ ಗೆದ್ದದ್ದು ಇದೇ 36ನೇ ವಿಧಿಯ ಮೇಲೆ. ಆದರೆ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಬೇಕಾದರೆ ತಡೆಹಿಡಿಯಲ್ಪಟ್ಟವರೇ ಕೇಳಬೇಕು. ಕೇಳಲು ಬೇಕಾದ ವಾಕ್ಯ ಬಾಯಿಗೆ ಬರಬೇಕು, ಅದೂ ಅವರ ಭಾಷೆಯಲ್ಲಿ.

ಐದು ವಾರದ ತಯಾರಿ

ವೆಬ್ ವಾಹಿನಿಯ ಸಂಪಾದಕರು ಕೊಟ್ಟ ಮೊದಲ ನಿಯೋಜನೆ ಪತ್ರದಲ್ಲಿ 'ನಮ್ಮ ಯುದ್ಧ ವರದಿಗಾರ' ಎಂದಿತ್ತು. 'ಉಕ್ರೇನ್ ಸೇನೆಯ ಜೊತೆ ಸಂಚರಿಸುತ್ತಾರೆ' ಎಂಬ ಸಾಲೂ ಇತ್ತು. ಗತ್ತಿಗಾಗಿ ಬರೆದದ್ದು. ಅದನ್ನು ಮೊಬೈಲ್ ಆ್ಯಪ್‌ನಲ್ಲಿ ಉಕ್ರೇನಿಯನ್‌ಗೆ ತಿರುಗಿಸಿಯೂ ಆಗಿತ್ತು. ಮಂಗಳೂರಿನಲ್ಲಿ ಉಕ್ರೇನಿಯನ್ ಬಲ್ಲ ನೋಟರಿ ಅನುವಾದಕರು ಎಲ್ಲಿ ಸಿಗಬೇಕು? ಯುದ್ಧದಿಂದ ಮರಳಿ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬರಿಗೆ ತೋರಿಸಲಾಯಿತು. ಅವರು ಓದಿ ನಕ್ಕರು. ಅನುವಾದದಲ್ಲಿ 'ವಿಯ್ಸ್ಕೊವಿಯ್ ಕೊರೆಸ್ಪೊಂಡೆಂಟ್' ಎಂದು ಬಂದಿತ್ತು. ಅಂದರೆ ಸೇನೆಗೆ ಸೇರಿದ ವರದಿಗಾರ. ಎದುರು ಪಕ್ಷದ ಚೆಕ್‌ಪೋಸ್ಟಿನಲ್ಲಿ ಈ ಕಾಗದ ತೆಗೆದರೆ, ಇವರು ನಾಗರಿಕರೆಂದು ವಾದಿಸುವ ಮೊದಲು ಸೇನೆಯ ಪ್ರಚಾರ ವಿಭಾಗದವರಲ್ಲ ಎಂದು ಸಾಬೀತು ಮಾಡಬೇಕಾಗುತ್ತಿತ್ತು.

ಈ ಪ್ರಕರಣದ ಮೊದಲ ತಿರುವು ಇದು. ಯಾವ ಬಾಗಿಲೆಂದು ಆ ಮಧ್ಯಾಹ್ನ ಕೂತು ನಿರ್ಧರಿಸಬೇಕಾಯಿತು. ಸೇನೆಯ ಜೊತೆ ಸಾಗುವುದರ ಪರವಾಗಿ ವರದಿಗಾರರ ವಾದವಿತ್ತು: ದೃಶ್ಯ ಚೆನ್ನಾಗಿ ಸಿಗುತ್ತದೆ, ದಾರಿ ತಪ್ಪುವುದಿಲ್ಲ. ವಿರುದ್ಧವಾಗಿ ಮೇಜಿನ ಮೇಲಿದ್ದದ್ದು ದಾನಿಶ್ ಸಿದ್ದಿಕಿ ಅವರ ಉದಾಹರಣೆ. ರಾಯಿಟರ್ಸ್‌ನ ಆ ಛಾಯಾಗ್ರಾಹಕರು 2021ರ ಜುಲೈ 16ರಂದು ಸ್ಪಿನ್ ಬೋಲ್ಡಕ್‌ನಲ್ಲಿ ಅಫ್ಘಾನ್ ವಿಶೇಷ ಪಡೆಯ ಜೊತೆಗಿದ್ದಾಗ ಹತರಾದರು. 2022ರ ಮಾರ್ಚ್‌ನಲ್ಲಿ ಅವರ ಹೆತ್ತವರು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊರೆ ಹೋದರು. ಪಡೆಯ ಜೊತೆಗಿದ್ದ ಮಾತ್ರಕ್ಕೆ ನಾಗರಿಕರೆಂಬ ಸ್ಥಾನ ಹೋಗುವುದಿಲ್ಲ. ಆದರೆ ಪಡೆಯೇ ನ್ಯಾಯಬದ್ಧ ಗುರಿ. ಪಕ್ಕದಲ್ಲಿ ನಿಂತವರಿಗೆ ಬಿದ್ದ ಪೆಟ್ಟು ಅಪರಾಧವೆಂದು ತೋರಿಸುವುದು ಬಲು ಕಷ್ಟ. ಸ್ವತಂತ್ರ ಪತ್ರಕರ್ತರಾಗಿ ಹೋಗುವುದೆಂದು ತೀರ್ಮಾನವಾಯಿತು. ಪತ್ರದಲ್ಲಿ 'ಪತ್ರಕರ್ತ', ಉಕ್ರೇನಿಯನ್‌ನಲ್ಲಿ 'ಝುರ್ನಲಿಸ್ಟ್' ಎಂಬ ಒಂದೇ ಪದ ಉಳಿಯಿತು. ಸೇನೆಯ ಸಾಲು ಹೋಯಿತು. ಅದರ ಬದಲು ಬಂದ ಸಾಲು: ಇವರು ಯಾವ ಪಕ್ಷಕ್ಕೂ ಮಾಹಿತಿ ಸಂಗ್ರಹಿಸುವವರಲ್ಲ, ಆಯುಧ ಒಯ್ಯುವವರಲ್ಲ. ಸಂಪಾದಕರಿಗೆ ಸಪ್ಪೆ ಅನಿಸಿತು, ಸಹಿ ಹಾಕಿದರು.

ಪತ್ರ ಕನ್ನಡದಲ್ಲಿ ಬೇಡವೆಂದು ಬಿಟ್ಟು, ಇಂಗ್ಲಿಷ್, ಉಕ್ರೇನಿಯನ್, ರಷ್ಯನ್ ಮೂರರಲ್ಲೂ ಒಂದೇ ಹಾಳೆಯಲ್ಲಿ ಸಿದ್ಧವಾಯಿತು. ಮೂರು ಪ್ರತಿ: ಒಂದು ಎದೆಯ ಜೇಬಿಗೆ, ಒಂದು ಚೀಲಕ್ಕೆ, ಒಂದು ಫಿಕ್ಸರ್ (ದಾರಿ, ಭಾಷೆ, ಭೇಟಿ ಹೊಂದಿಸಿಕೊಡುವ ಅಲ್ಲಿನ ಸಹಾಯಕರು) ಕೈಗೆ. ಹಾಳೆಯ ಹಿಂಬದಿಯಲ್ಲಿ ನಾಲ್ಕು ವಾಕ್ಯ: ನಾನು ಭಾರತದ ಪ್ರಜೆ, ನಾನು ಪತ್ರಕರ್ತ, ನಾಗರಿಕ, ನನ್ನ ರಾಯಭಾರ ಕಚೇರಿಗೆ ತಿಳಿಸಿ, ನನಗೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕಲಾರೆ. ಕೆಳಗೆ ಕೀವ್‌ನ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ. 2022ರ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ಪೋಲೆಂಡ್‌ಗೆ ಹೋಗಿದ್ದ ಆ ಕಚೇರಿ ಮೇ 17ರಿಂದ ಕೀವ್‌ನಲ್ಲೇ ಕೆಲಸ ಮಾಡುತ್ತಿತ್ತು. ಹಳೆಯ ಸುದ್ದಿ ನೋಡಿ ವಾರ್ಸಾದ ಸಂಖ್ಯೆ ಬರೆದುಕೊಂಡಿದ್ದನ್ನು ಕೊನೆಯ ವಾರ ತಿದ್ದಲಾಯಿತು.

ಉಕ್ರೇನ್ ಸೇನೆಯ ಮಾನ್ಯತಾ ಪತ್ರಕ್ಕೆ ಬೇರೆಯೇ ಅರ್ಜಿ. ಪಾಸ್‌ಪೋರ್ಟ್, ಫೋಟೊ, ಪತ್ರಕರ್ತರ ಗುರುತುಚೀಟಿ, ನಿಯೋಜನೆ ಪತ್ರ ಇವಿಷ್ಟನ್ನು ಕಳಿಸಬೇಕು. ಇದು 4ಎ(4) ವಿಧಿಯ ಚೀಟಿಯಲ್ಲ, ಯುದ್ಧದ ಪ್ರದೇಶದಲ್ಲಿ ಕೆಲಸ ಮಾಡಲು ಆ ದೇಶದ ಪರವಾನಗಿ. ಎರಡನ್ನೂ ಒಂದೇ ಎಂದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. 2023ರ ವಸಂತದಿಂದ ಅಲ್ಲಿ ಹಸಿರು, ಹಳದಿ, ಕೆಂಪು ವಲಯಗಳು ಜಾರಿಗೆ ಬಂದಿದ್ದವು: ಹಸಿರಿನಲ್ಲಿ ಸ್ವಂತವಾಗಿ ಓಡಾಡಬಹುದು, ಹಳದಿಗೆ ಸೇನೆಯ ಪತ್ರಿಕಾ ಅಧಿಕಾರಿ ಜೊತೆಗಿರಬೇಕು, ಕೆಂಪಿಗೆ ಪ್ರವೇಶವಿಲ್ಲ. ನಿಯಮ ಬರೀ ಕಾಗದದ್ದಲ್ಲ. 2022ರ ನವೆಂಬರ್‌ನಲ್ಲಿ ಖೆರ್ಸೋನ್ ಮರಳಿ ಉಕ್ರೇನ್ ಕೈಸೇರಿದಾಗ ಅನುಮತಿಯಿಲ್ಲದೆ ಒಳಹೊಕ್ಕ ದೊಡ್ಡ ದೊಡ್ಡ ವಾಹಿನಿಗಳ ತಂಡಗಳೇ ಮಾನ್ಯತೆ ಕಳೆದುಕೊಂಡಿದ್ದವು.

ವೀಸಾದಲ್ಲಿ ಒಂದು ಎಡವಟ್ಟು ತಪ್ಪಿತು. ಉಕ್ರೇನ್ ಆಕಾಶ ಮುಚ್ಚಿದೆ, ಪೋಲೆಂಡ್‌ನಿಂದ ರೈಲಿನಲ್ಲಿ ಹೋಗಬೇಕು. ಬರುವಾಗಲೂ ಅದೇ ದಾರಿ. ಪೋಲೆಂಡ್‌ಗೆ ಬೇಕಾದ ಶೆಂಗೆನ್ ವೀಸಾವನ್ನು ಒಂದೇ ಪ್ರವೇಶಕ್ಕೆ ಹಾಕಿಸಿದ್ದರೆ ಹೋದವರಿಗೆ ಹಿಂದೆ ಬರಲು ಬಾಗಿಲಿಲ್ಲ.

ವಿಮೆಯ ಮಾತು. ನಮ್ಮಲ್ಲಿ ಟಿಕೆಟ್ ಜೊತೆ ಸಿಗುವ ಪ್ರಯಾಣ ವಿಮೆಯಲ್ಲಿ ಯುದ್ಧದಿಂದಾದ ಗಾಯಕ್ಕೆ ಬಿಡಿಗಾಸೂ ಇಲ್ಲ. 'ಹೊರಗಿಟ್ಟವು' ಎಂಬ ಪುಟದಲ್ಲಿ ಮೊದಲ ಸಾಲೇ ಅದು. ಯುದ್ಧದ ಅಪಾಯ ಸೇರಿದ, ದಿನದ ಲೆಕ್ಕದ ಪಾಲಿಸಿ ಬೇಕು. ಫ್ರೀಲ್ಯಾನ್ಸರ್‌ಗಳಿಗೆ ಅಂಥದ್ದನ್ನು ಒದಗಿಸುವ ಸಂಸ್ಥೆಗಳಲ್ಲಿ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಒಂದು. ಪಾಲಿಸಿಯಲ್ಲಿ ನೋಡಿದ್ದು ಮೂರು: ಗಾಯಾಳುವನ್ನು ಗಡಿ ದಾಟಿಸುವ ಖರ್ಚು ಇದೆಯೆ, ದೇಶದ ಯಾವ ಪ್ರಾಂತ್ಯವನ್ನಾದರೂ ಹೊರಗಿಟ್ಟಿದೆಯೆ, ಫಿಕ್ಸರ್‌ಗೂ ಅನ್ವಯಿಸುತ್ತದೆಯೆ. ಮೂರನೆಯದಕ್ಕೆ ಉತ್ತರ ಇಲ್ಲ ಎಂದಿತ್ತು. ಅದನ್ನು ಗುರುತು ಹಾಕಿಕೊಂಡು ಮುಂದೆ ಹೋದದ್ದು ಈ ಕಡತದ ದೊಡ್ಡ ತಪ್ಪು.

ಚೀಲದಿಂದ ಎರಡು ವಸ್ತು ಹೊರಗೆ ಬಂದವು. ಒಂದು ಡ್ರೋನ್. ಮದುವೆ ಶೂಟಿಂಗಿಗೆ ಹಾರಿಸುವ ಅದೇ ಮಾದರಿಯನ್ನು ಅಲ್ಲಿ ಎರಡೂ ಸೇನೆಗಳು ಗುರಿ ಹುಡುಕಲು ಹಾರಿಸುತ್ತವೆ. ರಿಮೋಟ್ ಹಿಡಿದವರನ್ನು ದೂರದಿಂದ ನೋಡಿ ಪತ್ರಕರ್ತರೆಂದು ಯಾರೂ ಅಂದುಕೊಳ್ಳುವುದಿಲ್ಲ. ಇನ್ನೊಂದು, ಗೆಳೆಯರು ಕೊಟ್ಟಿದ್ದ ಹಸಿರು ಬಣ್ಣದ ಗುಂಡುನಿರೋಧಕ ಜಾಕೆಟ್. ನೀಲಿ ಜಾಕೆಟ್, ಹೆಲ್ಮೆಟ್ ಅಲ್ಲೇ ಎರವಲು ಪಡೆಯುವ ಏರ್ಪಾಡಾಯಿತು. ಒಳಗಿನ ರಕ್ಷಾಫಲಕ ಸೇರಿ ಹತ್ತು ಕಿಲೊ ಹತ್ತಿರದ ಭಾರವನ್ನು ಬಜಪೆಯಿಂದ ಹೊರುವ ಕೆಲಸವೂ ತಪ್ಪಿತು. ಸ್ಯಾಟಲೈಟ್ ಫೋನ್ ಅಲ್ಲೇ ಬಾಡಿಗೆಗೆ ಪಡೆದು ಅಲ್ಲೇ ಹಿಂದಿರುಗಿಸಬೇಕೆಂದು ಬರೆದು ಕೊಡಲಾಯಿತು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಭಾರತಕ್ಕೆ ತರುವಂತಿಲ್ಲ, ಮತ್ತು ಸ್ಯಾಟಲೈಟ್ ಫೋನ್ ಎಂಬ ಎರಡು ಪದ ಕರಾವಳಿಯಲ್ಲಿ ಎಷ್ಟು ಬೇಗ ತಲೆಬರಹವಾಗುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಫೋನಿನಲ್ಲಿ ಮಾಡಿದ ಒಂದು ಬದಲಾವಣೆಗೆ ಐದು ನಿಮಿಷವೂ ಹಿಡಿಯಲಿಲ್ಲ: ಕ್ಯಾಮೆರಾದ ಸ್ಥಳದ ಗುರುತು ಆಫ್, ಫೋಟೊಗಳು ತಾವಾಗಿ ಕ್ಲೌಡ್‌ಗೆ ಏರುವುದು ಆಫ್. ಉಕ್ರೇನ್ ತನ್ನ ದಂಡಸಂಹಿತೆಗೆ 2022ರ ಮಾರ್ಚ್‌ನಲ್ಲಿ 114-2 ಎಂಬ ಕಲಂ ಸೇರಿಸಿತ್ತು. ಸೇನೆಯ ಚಲನವಲನ, ನೆಲೆಯ ಮಾಹಿತಿಯನ್ನು ಅನುಮತಿಯಿಲ್ಲದೆ ಹರಡಿದರೆ ವರ್ಷಗಟ್ಟಲೆ ಜೈಲು. ಯಾರೂ ನೋಡದ ಕ್ಲೌಡ್ ಖಾತೆಗೆ ಏರಿದ ಚಿತ್ರ 'ಹರಡಿದ್ದು' ಆಗುತ್ತದೋ ಇಲ್ಲವೋ ಎಂಬ ವಾದವನ್ನು ಚೆಕ್‌ಪೋಸ್ಟಿನಲ್ಲಿ ಮಾಡುವ ಪರಿಸ್ಥಿತಿ ಬರಬಾರದೆಂಬುದು ಲೆಕ್ಕ.

ಕೊನೆಗೆ ಸಂಪರ್ಕದ ಏಣಿ. ಅಲ್ಲಿನ ಬೆಳಿಗ್ಗೆ 8, ರಾತ್ರಿ 8ಕ್ಕೆ ಒಂದು ಸಂದೇಶ. ಬೇಸಗೆಯಲ್ಲಿ ನಮ್ಮ ಗಡಿಯಾರ ಎರಡೂವರೆ ತಾಸು ಮುಂದೆ, ಆದ್ದರಿಂದ ಇಲ್ಲಿಗೆ 10.30. ಸಂದೇಶ ತಪ್ಪಿದ ಎರಡು ತಾಸಿಗೆ ಫಿಕ್ಸರ್ ಮತ್ತು ಪತ್ರಿಕಾ ಅಧಿಕಾರಿಗೆ ಕರೆ, ನಾಲ್ಕು ತಾಸಿಗೆ ರಾಯಭಾರ ಕಚೇರಿ, ಆರು ತಾಸಿಗೂ ಸುಳಿವಿಲ್ಲದಿದ್ದರೆ ರೆಡ್ ಕ್ರಾಸ್ ಸಮಿತಿ 1985ರಿಂದ ಪತ್ರಕರ್ತರಿಗಾಗಿಯೇ ನಡೆಸುತ್ತಿರುವ ಹಾಟ್‌ಲೈನ್.

ಏನಾಯಿತು

ಆರನೇ ದಿನ ಹಳದಿ ವಲಯಕ್ಕೆ ಹೋಗಬೇಕಿತ್ತು. ಪತ್ರಿಕಾ ಅಧಿಕಾರಿ ಬೇರೆ ಕೆಲಸದ ಮೇಲೆ ಸಿಕ್ಕಿಬಿದ್ದು ಬರಲಿಲ್ಲ. ಏಜೆನ್ಸಿಗೆ ಅಂದೇ ದೃಶ್ಯ ಬೇಕಿತ್ತು. ಸ್ವಯಂಸೇವಕರ ವ್ಯಾನೊಂದು ಅತ್ತ ಕಡೆ ಹೊರಟಿತ್ತು. ಫಿಕ್ಸರ್ ಪರಿಚಯ ಹೇಳಿ ಹತ್ತಿಸಿದರು. ಮೇಲಿನ ಪೆಟ್ಟಿಗೆಗಳಲ್ಲಿ ಆಹಾರ, ಡಯಾಪರ್. ಕೆಳಗಿನವುಗಳಲ್ಲಿ ಒಂದು ತುಕಡಿಗೆ ಹೋಗಬೇಕಿದ್ದ ಡ್ರೋನ್ ಬ್ಯಾಟರಿಗಳು. ವರದಿಗಾರರಿಗೆ ಅದು ತಿಳಿದದ್ದು ಚೆಕ್‌ಪೋಸ್ಟಿನಲ್ಲಿ ಪೆಟ್ಟಿಗೆ ಇಳಿಸಿದಾಗ.

ಅಪಾಯವನ್ನು ಬಿಡಿಸಿ ನೋಡಬೇಕು. ಸೇನೆಯ ಸಾಮಗ್ರಿ ಹೊತ್ತ ವ್ಯಾನು ಸೈನಿಕ ಗುರಿಯಾಗಬಹುದು. ಒಳಗೆ ಕೂತವರು ನಾಗರಿಕರಾಗಿಯೇ ಉಳಿದರೂ ವ್ಯಾನಿನ ಮೇಲಿನ ದಾಳಿಯನ್ನು ಅಪರಾಧವೆನ್ನುವ ವಾದ ಸೊರಗುತ್ತದೆ. ಇನ್ನು ಸಾಗಿಸುವವರ ವಿಷಯ: ಕಾರ್ಖಾನೆಯಿಂದ ಬಂದರಿಗೆ ಮದ್ದುಗುಂಡು ಸಾಗಿಸುವ ಚಾಲಕ ಕದನದಲ್ಲಿ ನೇರ ಪಾಲ್ಗೊಂಡವನಲ್ಲ, ಮುಂಚೂಣಿಯಲ್ಲಿ ಗುಂಡು ಹಾರುತ್ತಿರುವ ಜಾಗಕ್ಕೇ ಒಯ್ಯುವವನು ಪಾಲ್ಗೊಂಡಂತೆ ಎಂಬುದು ರೆಡ್ ಕ್ರಾಸ್ ಸಮಿತಿಯ 2009ರ ಮಾರ್ಗಸೂಚಿಯ ಉದಾಹರಣೆ. ಇಳಿಸಲು ಕೈಹಾಕಿ ಸಹಾಯ ಮಾಡುವುದು ನಮ್ಮ ಕಡೆಯ ಸ್ವಭಾವ. ವರದಿಗಾರರು ಕೈಹಾಕಲಿಲ್ಲ, ಕ್ಯಾಮೆರಾವನ್ನೂ ಕೆಳಗಿಟ್ಟರು. ಅಲ್ಲಿಂದ ಮುಂದೆ ವ್ಯಾನು ಹತ್ತದೆ, ಹತ್ತಿರದ ಹಳ್ಳಿಯಲ್ಲೇ ಇಳಿದುಕೊಂಡರು. ಆದರೆ ಆ ಹಳ್ಳಿ ಹಳದಿ ವಲಯದೊಳಗೆ ಇತ್ತು, ಜೊತೆಗೆ ಅಧಿಕಾರಿ ಇರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಹಳ್ಳಿಯ ಒಂದು ವಸತಿ ಕಟ್ಟಡಕ್ಕೆ ಕ್ಷಿಪಣಿ ಬಿತ್ತು. ವರದಿಗಾರರು ಸುಮಾರು ನಲವತ್ತು ನಿಮಿಷ ಚಿತ್ರೀಕರಿಸಿದರು. ಕಟ್ಟಡದ ಹಿರಿಯ ಮಹಿಳೆಯೊಬ್ಬರ ಮಾತನ್ನೂ ದಾಖಲಿಸಿದರು. ಎರಡು ತುಣುಕುಗಳ ಹಿನ್ನೆಲೆಯಲ್ಲಿ ಮರಗಳ ಮರೆಯ ಸೇನಾ ವಾಹನಗಳು ಬಿದ್ದಿದ್ದವು. ನಾಲ್ಕು ಗಂಟೆಗೆ ಸೈನಿಕರು ತಡೆದರು. ಫೋನು, ಕ್ಯಾಮೆರಾ, ಪಾಸ್‌ಪೋರ್ಟ್, ಚೀಟಿಗಳು ಎಲ್ಲ ಹೋದವು.

ಇಲ್ಲಿ ಹಲವರಿಗೆ ಆಗುವ ತಪ್ಪು ತಿಳಿವಳಿಕೆ ಎಂದರೆ, ಈ ತಡೆಯೇ ಯುದ್ಧಕಾನೂನಿನ ಉಲ್ಲಂಘನೆ ಎಂಬುದು. ಅಲ್ಲ. ಜಿನೀವಾ ರಕ್ಷಣೆ ದಾಳಿಯ ವಿರುದ್ಧ, ಕ್ರೌರ್ಯದ ವಿರುದ್ಧ. ದೇಶವೊಂದು ತನ್ನ ಭದ್ರತಾ ನಿಯಮ ಮುರಿದವರನ್ನು ತಡೆದು ವಿಚಾರಿಸುವುದನ್ನು ಅದು ನಿಷೇಧಿಸುವುದಿಲ್ಲ. ಹೇಗೆ ನಡೆಸಿಕೊಳ್ಳಬೇಕೆಂದು ಹೇಳುತ್ತದೆ. ಆದ್ದರಿಂದ ವರದಿಗಾರರಿಗೆ ಕೊಟ್ಟಿದ್ದ ಸೂಚನೆ ವಾದ ಮಾಡಬೇಡಿ, ಹಾಳೆ ತೋರಿಸಿ ಎಂದು. ಅವರು ಹಾಳೆ ತೋರಿಸಿದರು. ಎರಡು ತುಣುಕು ಅಳಿಸಲು ಕೇಳಿದಾಗ ಯಾವುವೆಂದು ತಾವೇ ತೋರಿಸಿ ಒಪ್ಪಿದರು, ಉಳಿದವನ್ನು ಅಳಿಸಬಾರದೆಂದು ಕೇಳಿಕೊಂಡರು. ಏನಾದರೂ ಕಳಿಸಿದ್ದೀರಾ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಫೋನು ತಿರುವಿ ನೋಡಿದರು: ಅಂದಿನ ದಿನ ಒಂದು ಚಿತ್ರವೂ ಹೊರಗೆ ಹೋಗಿರಲಿಲ್ಲ. 114-2ರ ಮಾತು ಅಲ್ಲಿಗೆ ನಿಂತಿತು.

ಮಂಗಳೂರಿನಲ್ಲಿ ಆ ರಾತ್ರಿ 10.30ಕ್ಕೆ ಸಂದೇಶ ಬರಲಿಲ್ಲ. 12.30ಕ್ಕೆ ಫಿಕ್ಸರ್ ಫೋನು ಸ್ವಿಚ್ಡ್ ಆಫ್. ಪತ್ರಿಕಾ ಅಧಿಕಾರಿಯ ಫೋನು ರಿಂಗಾಗಿ ನಿಂತಿತು. ಒಂದು ಗಂಟೆಗೆ ವಾಹಿನಿಯ ಸಂಪಾದಕರು 'ಉಕ್ರೇನ್‌ನಲ್ಲಿ ನಮ್ಮ ವರದಿಗಾರ ನಾಪತ್ತೆ' ಎಂಬ ಸುದ್ದಿಫಲಕ ಸಿದ್ಧಪಡಿಸಿ ಕೂತಿದ್ದರು. ಉಡುಪಿಯಿಂದ ವರದಿಗಾರರ ಅಣ್ಣನ ಕರೆಯೂ ಬಂತು: "ಪೇಪರಿಗೆ, ಟಿವಿಗೆ ಕೊಟ್ರೆ ಬೇಗ ಬಿಡುದಿಲ್ವಾ ಮಾರಾಯ್ರೆ? ಸುಮ್ನೆ ಕೂತ್ರೆ ಎಂತ ಪ್ರಯೋಜನ?"

ಎರಡನೇ ತಿರುವು ಇದು. ಯಾರ ವಶದಲ್ಲಿದ್ದಾರೆಂದು ತಿಳಿಯುವ ಮೊದಲು ಸುದ್ದಿ ಮಾಡಿದರೆ ಮೂರು ಕೆಡುಕು. ಎದುರು ಪಕ್ಷ ಹಿಡಿದಿದ್ದರೆ ಬೆಲೆ ಏರುತ್ತದೆ. ಈ ಪಕ್ಷದ ಚೆಕ್‌ಪೋಸ್ಟಿನಲ್ಲಿದ್ದರೆ, ಸ್ಥಳೀಯ ಅಧಿಕಾರಿ ರಾತ್ರಿಯೇ ಮುಗಿಸಬಹುದಾದ ವಿಚಾರಣೆ ಮೇಲಿನ ಕಚೇರಿಗೆ ಹೋಗುತ್ತದೆ. ವಾಹಿನಿ ಅವರ ಹಳೆಯ ವಿಡಿಯೊ ಬಳಸಿ ತುಂಬಿಸುವ ಫಲಕದಲ್ಲಿ ಯಾವ ಊರಿನ ಗುರುತು ಬೀಳುತ್ತದೋ ಹೇಳಲಾಗದು. ಬೆಳಿಗ್ಗೆ ಎಂಟರವರೆಗೆ ಒಂದಕ್ಷರ ಹಾಕಬಾರದೆಂದು ಸಂಪಾದಕರನ್ನು ಒಪ್ಪಿಸಲು ಅರ್ಧ ತಾಸು ಬೇಕಾಯಿತು. ಅಣ್ಣನಿಗೆ ಕೆಲಸ ಕೊಡಲಾಯಿತು: ಪಾಸ್‌ಪೋರ್ಟ್ ಪ್ರತಿ, ರಕ್ತಸಂಬಂಧದ ಗುರುತು ಇಟ್ಟುಕೊಂಡು ಸಿದ್ಧರಿರಿ, ರಾಯಭಾರ ಕಚೇರಿಗಾಗಲಿ ರೆಡ್ ಕ್ರಾಸ್‌ಗಾಗಲಿ ಕುಟುಂಬದ ಕೋರಿಕೆಗೆ ತೂಕವಿದೆ.

1.30ಕ್ಕೆ ಪತ್ರಿಕಾ ಅಧಿಕಾರಿ ಮರಳಿ ಕರೆಮಾಡಿ, ನಮ್ಮವರ ಬಳಿ ಇದ್ದಾರೆ, ಪರಿಶೀಲನೆ ನಡೆದಿದೆ ಎಂದರು. 2.30ಕ್ಕೆ ರಾಯಭಾರ ಕಚೇರಿಯ ತುರ್ತು ಸಂಖ್ಯೆಗೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಮಾನ್ಯತಾ ಸಂಖ್ಯೆ, ಅಧಿಕಾರಿಯ ಹೆಸರು ಮುಟ್ಟಿತು. ರೆಡ್ ಕ್ರಾಸ್ ಹಾಟ್‌ಲೈನಿಗೆ ಕರೆ ಮಾಡಲಿಲ್ಲ. ಆ ವ್ಯವಸ್ಥೆ ಇರುವುದು ಬಿಡಿಸಿ ತರಲಿಕ್ಕಲ್ಲ. ಕಾಣೆಯಾದವರನ್ನು ಹುಡುಕಲು, ಬಂಧನ ಖಚಿತಪಡಿಸಲು, ಸಾಧ್ಯವಾದಲ್ಲಿ ಭೇಟಿಮಾಡಿ ಮನೆಗೆ ಸುದ್ದಿ ಮುಟ್ಟಿಸಲು. ಎಲ್ಲಿದ್ದಾರೆಂದು ತಿಳಿದ ಮೇಲೆ ಆ ಮೆಟ್ಟಿಲು ಬೇಕಾಗಲಿಲ್ಲ.

ವಿಚಾರಣೆ ಅಲ್ಲಿನ ರಾತ್ರಿ ಹತ್ತಕ್ಕೇ ಮುಗಿದಿತ್ತು. ಕರ್ಫ್ಯೂ ಇದ್ದುದರಿಂದ ಬೆಂಚಿನ ಮೇಲೆ ಮಲಗಿಸಿ ಬೆಳಿಗ್ಗೆ ಐದಕ್ಕೆ ಬಿಟ್ಟರು. ಹದಿಮೂರು ತಾಸು. ಉಪಕರಣ ವಾಪಸಾಯಿತು, ಆ ಪ್ರದೇಶದ ಮಟ್ಟಿಗೆ ಮಾನ್ಯತೆ ಅಮಾನತಾಯಿತು. ಫಲಕ ಹಾಕದ ಸಂಪಾದಕರಿಗೆ ಬೆಳಿಗ್ಗೆ ಬೇಸರವಿತ್ತು. ಬೇರೆ ವಾಹಿನಿಗೆ ಸುದ್ದಿ ಹೋಗಲಿಲ್ಲವೆಂಬುದು ಸಮಾಧಾನ.

ಎಂಟು ತಿಂಗಳ ನಂತರದ ಪತ್ರ

ವರದಿಗಾರರು ಊರಿಗೆ ಮರಳಿ ಬಂದು ಸರಣಿ ಮುಗಿಸಿದ್ದರು. ಯುದ್ಧಾಪರಾಧಗಳ ತನಿಖೆ ನಡೆಸುವ ಒಂದು ಅಂತರರಾಷ್ಟ್ರೀಯ ತಂಡದಿಂದ ಇಮೇಲ್ ಬಂತು. ವಸತಿ ಕಟ್ಟಡದ ಮೇಲಿನ ದಾಳಿಯ ಪೂರ್ತಿ ಮೂಲ ದೃಶ್ಯ ಬೇಕು, ಜೊತೆಗೆ ಹೇಳಿಕೆ ಕೊಡಬೇಕು. ವರದಿಗಾರರಿಗೆ ಮೊದಲ ಅನಿಸಿಕೆ ಎಲ್ಲವನ್ನೂ ಕೊಟ್ಟುಬಿಡೋಣ ಎಂದು. ಅಷ್ಟು ಜನ ಸತ್ತದ್ದನ್ನು ಕಣ್ಣಾರೆ ಕಂಡವರಿಗೆ ಹಾಗನ್ನಿಸುವುದು ಸಹಜ.

ಇಲ್ಲಿ ದಾರಿ ತೋರುವ ತೀರ್ಪು ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿಯದು. ವಾಷಿಂಗ್ಟನ್ ಪೋಸ್ಟ್‌ನ ವರದಿಗಾರರಾಗಿದ್ದ ಜೊನಾಥನ್ ರ‍್ಯಾಂಡಲ್, ತಾವು ಮಾಡಿದ್ದ ಒಂದು ಸಂದರ್ಶನದ ಬಗ್ಗೆ ಸಾಕ್ಷಿ ಹೇಳಲು ಬಂದ ಸಮನ್ಸನ್ನು ಪ್ರಶ್ನಿಸಿದ್ದರು. 2002ರ ಡಿಸೆಂಬರ್ 11ರಂದು ಮೇಲ್ಮನವಿ ಪೀಠ ಆ ಸಮನ್ಸ್ ರದ್ದುಮಾಡಿತು. ಪೀಠ ಇಟ್ಟ ಒರೆಗಲ್ಲು ಎರಡು: ಕೇಳುತ್ತಿರುವ ಸಾಕ್ಷ್ಯ ಪ್ರಕರಣದ ಮುಖ್ಯ ಪ್ರಶ್ನೆಗೆ ನೇರವಾಗಿ, ಮಹತ್ವದ್ದಾಗಿ ಸಂಬಂಧಿಸಿರಬೇಕು, ಅದು ಬೇರೆಲ್ಲೂ ಸಿಗುವಂತಿರಬಾರದು. ಪತ್ರಕರ್ತರು ತನಿಖೆಯ ಕೈಗಳೆಂದು ಕಂಡುಬಂದರೆ ಮುಂದೆ ಯಾರೂ ಅವರೊಂದಿಗೆ ಮಾತನಾಡುವುದಿಲ್ಲ, ಅವರೇ ಗುರಿಯಾಗುತ್ತಾರೆ ಎಂಬುದು ಕಾರಣ.

ಭಾರತದ ನೆಲದಲ್ಲಿ ಅಷ್ಟೂ ಆಸರೆಯಿಲ್ಲ. ಮೂಲ ಹೇಳಲು ಒತ್ತಾಯಿಸಬಾರದೆಂಬ 1978ರ ಪ್ರೆಸ್ ಕೌನ್ಸಿಲ್ ಅಧಿನಿಯಮದ 15(2) ಕಲಂ ಆ ಮಂಡಳಿಯ ಕಲಾಪಕ್ಕೆ ಮಾತ್ರ. ಕಾನೂನು ಆಯೋಗ 1983ರ 93ನೇ ವರದಿಯಲ್ಲಿ ಮೂಲಗಳ ರಕ್ಷಣೆಗೆ ಶಿಫಾರಸು ಮಾಡಿತ್ತು, ಶಿಫಾರಸಾಗಿಯೇ ಉಳಿದಿದೆ. ಇನ್ನೊಂದೆಡೆ, ಬಂದದ್ದು ಇಮೇಲ್ ಅಷ್ಟೆ, ನ್ಯಾಯಾಲಯದ ಆದೇಶವಲ್ಲ. ಕೊಡುವುದು ಬಿಡುವುದು ಸ್ವಇಚ್ಛೆ.

ತೀರ್ಮಾನ ಹೀಗಾಯಿತು. ಪ್ರಸಾರವಾದ ಮೂರು ನಿಮಿಷದ ದೃಶ್ಯದ ಮೂಲ ಫೈಲುಗಳನ್ನು, ಚಿತ್ರೀಕರಿಸಿದ ಹೊತ್ತಿನ ದತ್ತಾಂಶ ಮತ್ತು ಹ್ಯಾಶ್ ಸಂಖ್ಯೆ (ಫೈಲು ಚೂರು ಬದಲಾದರೂ ತಾನೂ ಬದಲಾಗುವ ಗುರುತುಸಂಖ್ಯೆ) ಸಮೇತ ಕೊಡುವುದು. ಪ್ರಸಾರವಾಗದ್ದನ್ನು ಕೊಡದಿರುವುದು, ಬೇಕೇ ಬೇಕಾದರೆ ಎರಡು ಒರೆಗಲ್ಲಿನ ಪ್ರಕಾರ ಲಿಖಿತ ಕಾರಣ ಕೇಳುವುದು. ಹೇಳಿಕೆ ಕೊಡದಿರುವುದು. ಹಿರಿಯ ಮಹಿಳೆಯ ಮಾತನ್ನು ಎಲ್ಲಕ್ಕಿಂತ ಭದ್ರವಾಗಿ ಇಡುವುದು, ಏಕೆಂದರೆ ಆ ಹಳ್ಳಿ ನಾಳೆ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ. ಲಿಖಿತ ಕಾರಣ ಕೇಳಿದ ಮೇಲೆ ಆ ತಂಡದಿಂದ ಮರುಪತ್ರ ಬರಲಿಲ್ಲ. ಪ್ರಸಾರವಾದ ಫೈಲುಗಳನ್ನು ಪಡೆದ ರಸೀದಿ ಬಂತು.

ಹ್ಯಾಶ್ ಮಾಡಿಟ್ಟದ್ದು ಅದೃಷ್ಟದಿಂದ. ಕಾರ್ಡಿನಿಂದ ಇಳಿಸಿದ ದಿನವೇ ವರದಿಗಾರರು ಎಸ್‌ಎಚ್‌ಎ-256 ಸಂಖ್ಯೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದರು, ಮೂಲ ಕಾರ್ಡನ್ನು ಮತ್ತೆ ಬಳಸಿರಲಿಲ್ಲ. ನಮ್ಮ ನ್ಯಾಯಾಲಯಕ್ಕೂ ಈಗ ಅದು ಬೇಕು: 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಜಾಗದಲ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ತುಂಬುವ ಜಾಗವೇ ಇದೆ. ಅದೃಷ್ಟ ಇನ್ನೊಂದಿತ್ತು. ಏಜೆನ್ಸಿಯ ಕರಾರಿನಲ್ಲಿ 'ಚಿತ್ರೀಕರಿಸಿದ ಎಲ್ಲ ದೃಶ್ಯದ ಹಕ್ಕು' ಎಂಬ ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂಲ ಫೈಲುಗಳು ವರದಿಗಾರರ ಬಳಿಯೇ ಉಳಿದಿದ್ದವು, ಏಜೆನ್ಸಿಯ ಬಳಿ ಇದ್ದಿದ್ದರೆ ಈ ತೀರ್ಮಾನ ಮಂಗಳೂರಿನಲ್ಲಿ ಆಗುತ್ತಲೇ ಇರಲಿಲ್ಲ.

ಕಡತ ಹೇಗೆ ಬದಲಾಯಿತು

ಏಜೆನ್ಸಿಗಳ ಕರಾರಿನಲ್ಲಿ ಈಗ ಪ್ರಸಾರಕ್ಕೆ ಕೊಟ್ಟ ಭಾಗದ ಹಕ್ಕು ಮಾತ್ರ ಹೋಗುತ್ತದೆ. ತನಿಖೆಯವರು ಕೇಳಿದರೆ ವರದಿಗಾರರಿಗೆ ಮೊದಲು ತಿಳಿಸಬೇಕೆಂಬ ಸಾಲಿದೆ. ಯಾವ ವಾಹನ ಹತ್ತುವ ಮೊದಲೂ ಸರಕು ನೋಡಬೇಕು, ನೋಡಲು ಬಿಡದಿದ್ದರೆ ಹತ್ತಬಾರದೆಂದು ಸೂಚನೆಯಿದೆ. ಅಧಿಕಾರಿ ಬರದ ದಿನ ಹಸಿರು ವಲಯದಲ್ಲೇ ಉಳಿದರೂ ಅಂದಿನ ಸಂಭಾವನೆ ಕೊಡುವುದಾಗಿ ವಾಹಿನಿಯಿಂದ ಬರೆಸಿಕೊಳ್ಳಲಾಗುತ್ತದೆ, ಏಕೆಂದರೆ ಆ ದಿನ ವ್ಯಾನು ಹತ್ತಿಸಿದ್ದು ಧೈರ್ಯವಲ್ಲ, ದಿನದ ಲೆಕ್ಕದ ದುಡ್ಡು.

ಫೋನಿನ ಐದು ನಿಮಿಷದ ಪಟ್ಟಿ ಊರಿನ ಕೆಲಸಕ್ಕೂ ಬಂತು. 2025ರ ಏಪ್ರಿಲ್ 26ರಂದು, ಪಹಲ್ಗಾಮ್ ದಾಳಿಯ ಬೆನ್ನಿಗೆ, ಸೇನಾ ಕಾರ್ಯಾಚರಣೆ ಮತ್ತು ಪಡೆಗಳ ಚಲನೆಯ ನೇರಪ್ರಸಾರ ಮಾಡಬಾರದೆಂದು ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಸೂಚಿಸಿತು. ಕೇಬಲ್ ಟಿವಿ ನಿಯಮ 6(1)(ಪಿ) ಅದರ ಆಧಾರ. ಮೇ 7ರ ಆಪರೇಷನ್ ಸಿಂಧೂರದ ದಿನಗಳಲ್ಲಿ ಬಂದರು, ವಿಮಾನ ನಿಲ್ದಾಣದ ಸುತ್ತ ಕ್ಯಾಮೆರಾ ಹಿಡಿದವರಿಗೆ ಅದೇ ಪಟ್ಟಿಯನ್ನು ಕೊಡಲಾಯಿತು: ಸ್ಥಳದ ಗುರುತು ಆಫ್, ತಾನಾಗಿ ಏರುವುದು ಆಫ್, ನೇರಪ್ರಸಾರ ಇಲ್ಲ.

ಸರಿಯಾಗದೆ ಉಳಿದದ್ದು ಫಿಕ್ಸರ್ ವಿಷಯ. ಅಂದು ಅವರನ್ನೂ ತಡೆದಿದ್ದರು, ವರದಿಗಾರರನ್ನು ಬಿಟ್ಟ ಮೇಲೂ ಅವರನ್ನು ಎರಡು ದಿನ ಕರೆಸಿ ವಿಚಾರಿಸಿದರು. ಮಾನ್ಯತೆ ಶಾಶ್ವತವಾಗಿ ಹೋಯಿತು, ಅದರೊಂದಿಗೆ ಜೀವನೋಪಾಯವೂ. ಸೇನೆಗೆ ಕರೆಸಿಕೊಳ್ಳಬಹುದಾದ ವಯಸ್ಸಿನ ಗಂಡಸು, ದೇಶ ಬಿಡುವಂತಿಲ್ಲ. ಅವರ ಬಳಿ ನಿಯೋಜನೆ ಪತ್ರದ ಪ್ರತಿ ಇತ್ತು, ಆದರೆ ಅದರಲ್ಲಿ ಅವರ ಹೆಸರಿರಲಿಲ್ಲ. ಕರಾರಿಲ್ಲ, ವಿಮೆಯಿಲ್ಲ, 79ನೇ ವಿಧಿ ಹೇಳುವ ಪತ್ರಕರ್ತರು ಅವರೂ ಹೌದೆಂದು ತೋರಿಸುವ ಒಂದು ಕಾಗದವಿಲ್ಲ. ವಾಹಿನಿಯೂ ಏಜೆನ್ಸಿಯೂ ಸೇರಿ ಎರಡು ತಿಂಗಳ ಸಂಭಾವನೆ ಕಳಿಸಿದವು, ಅದೂ ವರದಿಗಾರರು ಹಟ ಹಿಡಿದ ಮೇಲೆ. ಈಗ ಸಿದ್ಧಪಡಿಸುವ ನಿಯೋಜನೆ ಪತ್ರಗಳಲ್ಲಿ ಎರಡು ಹೆಸರು, ಎರಡು ಫೋಟೊ, ಎರಡರ ಕೆಳಗೂ ಒಂದೇ ಪದ: ಝುರ್ನಲಿಸ್ಟ್. ವಿಮೆಯ ಖಾನೆಯಲ್ಲಿ ಎರಡನೇ ಹೆಸರಿನ ಮುಂದೆ ಪಾಲಿಸಿ ಸಂಖ್ಯೆ ಬರುವವರೆಗೆ ಟಿಕೆಟ್ ಬುಕ್ ಮಾಡುವುದಿಲ್ಲ.